ಥರ್ಮೋಕೋಲಿನ ಜ್ವಾಲಾಮುಖಿ, ಕಿಟಕಿಯಾಚೆಯ ಶೇಡಿಮಣ್ಣು

ಮಲೆನಾಡಿನ ಯಾವ ತಾಲ್ಲೂಕಿನ ವಿಜ್ಞಾನ ವಸ್ತುಪ್ರದರ್ಶನಕ್ಕೆ ಹೋದರೂ ಒಂದು ಜ್ವಾಲಾಮುಖಿ ತಪ್ಪದೆ ಎದುರಾಗುತ್ತದೆ. ಥರ್ಮೋಕೋಲಿನ ಗುಡ್ಡ, ಅದರ ನೆತ್ತಿಯಲ್ಲಿ ಹುದುಗಿಸಿದ ಪ್ಲಾಸ್ಟಿಕ್ ಲೋಟ, ಲೋಟದೊಳಗೆ ಅಡುಗೆ ಸೋಡಾ ಮತ್ತು ಒಂದು ಚಿಟಿಕೆ ಕುಂಕುಮ. ತೀರ್ಪುಗಾರರು ಮೇಜಿನ ಬಳಿ ಬಂದೊಡನೆ ವಿದ್ಯಾರ್ಥಿನಿ ವಿನೆಗರ್ ಸುರಿಯುತ್ತಾಳೆ. ಕೆಂಪು ನೊರೆ ಉಕ್ಕಿ ಹರಿಯುತ್ತದೆ. ಇಟಲಿಯ ವೆಸೂವಿಯಸ್, ಜಪಾನಿನ ಫ್ಯೂಜಿ, ಶಿಲಾಪಾಕ, ಲಾವಾ ಎಲ್ಲವನ್ನೂ ಅವಳು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾಳೆ, ಬಹುಮಾನವೂ ಬರುತ್ತದೆ. ಪ್ರದರ್ಶನ ನಡೆಯುತ್ತಿರುವ ಕೊಠಡಿಯ ಗೋಡೆ ಜಂಬಿಟ್ಟಿಗೆಯದು. ಗಾರೆ ಉದುರಿದೆಡೆಯಲ್ಲಿ ಅದರ ತೂತುತೂತಾದ ಮೈ ಕಾಣುತ್ತದೆ. ಕಿಟಕಿಯಾಚೆ, ಆಟದ ಬಯಲನ್ನು ಅಗಲ ಮಾಡಲೆಂದು ಜೆಸಿಬಿಯಿಂದ ಕಡಿಸಿದ ಧರೆ ಎರಡಾಳೆತ್ತರ ನಿಂತಿದೆ. ಮೇಲೆ ಕಪ್ಪುಗೆಂಪು, ನಡುವೆ ಹಳದಿ ಕೆಂಪಿನ ಮಚ್ಚೆಗಳು, ಬುಡದಲ್ಲಿ ಬೂದುಬಿಳುಪು. ಅದರ ಮುಂದೆ ಒಂದು ಮೇಜು ಹಾಕಿ, ಈ ಮೂರು ಬಣ್ಣಗಳೇಕೆ ಎಂದು ವಿವರಿಸಲು ಒಬ್ಬ ವಿದ್ಯಾರ್ಥಿಯನ್ನು ನಿಲ್ಲಿಸಬೇಕೆಂದು ಯಾರಿಗೂ ತೋಚಿರುವುದಿಲ್ಲ.

ಇದು ಬಡತನದಿಂದ ಬಂದ ಕೊರತೆ ಎನ್ನುವಂತಿಲ್ಲ. ಥರ್ಮೋಕೋಲನ್ನು ಪೇಟೆಯಿಂದ ತರಬೇಕು, ಧರೆ ಬಿಟ್ಟಿಯಾಗಿ ನಿಂತಿದೆ. ಶಿಕ್ಷಣವೆಂದರೆ ದೂರದಲ್ಲಿರುವುದನ್ನು ಕುರಿತು ಹೇಳುವ ಮಾತು, ಹತ್ತಿರದ್ದೆಲ್ಲವೂ ಕೂಲಿಯವರ ವಿಷಯ ಎಂಬ ನಂಬಿಕೆಯೊಂದು ಶಾಲೆಗಳಲ್ಲಿ ಬೇರೂರಿದೆ. ಮಲೆನಾಡಿನ ಮಕ್ಕಳಿಗೆ ತಮ್ಮ ನೆಲ ಕಾಣದಂತೆ ಆ ನಂಬಿಕೆ ತರಬೇತಿ ಕೊಡುತ್ತಿದೆ. ಅದರ ಬೆಲೆಯನ್ನು ಪ್ರತಿ ಆಷಾಢದಲ್ಲಿ ಯಾರೋ ತೆರುತ್ತಲೂ ಇದ್ದಾರೆ.

ಮೊದಲು ಆ ಗೋಡೆಯ ಕಲ್ಲನ್ನೇ ನೋಡಬಹುದು. ಶಿವಮೊಗ್ಗ ಸೀಮೆಯಲ್ಲಿ ಅದು ಜಂಬಿಟ್ಟಿಗೆ, ಉತ್ತರ ಕನ್ನಡದ ಕರಾವಳಿಯಲ್ಲಿ ಚಿರೆಕಲ್ಲು, ಮಂಗಳೂರಿನ ಕಡೆ ಮುರಕಲ್ಲು ಅಥವಾ ಬರಿಯ ಕೆಂಪುಕಲ್ಲು. ಇಷ್ಟು ಹೆಸರುಗಳುಳ್ಳ ಕಲ್ಲಿಗೆ ಪಠ್ಯಪುಸ್ತಕದಲ್ಲಿ ದೊರೆಯುವ ಜಾಗ ಎರಡು ಮೂರು ಸಾಲು. ಅದೂ ಶಿಲೆಗಳ ಅಧ್ಯಾಯದಲ್ಲಿ ಅಲ್ಲ, ಮಣ್ಣುಗಳ ಅಧ್ಯಾಯದಲ್ಲಿ, ಕಪ್ಪುಮಣ್ಣು ಮತ್ತು ಮೆಕ್ಕಲುಮಣ್ಣಿನ ಹಿಂದೆ. ಶಿಲೆಗಳು ಮೂರು ವಿಧ, ಅಗ್ನಿಶಿಲೆ, ಕಣಶಿಲೆ, ರೂಪಾಂತರ ಶಿಲೆ ಎಂದು ಉರುಹೊಡೆದ ಬಾಲಕ ತಾನು ಒರಗಿ ಕುಳಿತ ಗೋಡೆ ಈ ಮೂರರಲ್ಲಿ ಯಾವುದೆಂದು ಕೇಳಿದರೆ ಶಿಕ್ಷಕರು ತಬ್ಬಿಬ್ಬಾಗುತ್ತಾರೆ. ಏಕೆಂದರೆ ಅದು ಮೂರರಲ್ಲಿ ಯಾವುದೂ ಅಲ್ಲ. ಹಳೆಯ ಬಂಡೆಯೊಂದು ಲಕ್ಷಾಂತರ ವರ್ಷ ಬಿಸಿಲಿಗೆ ಕಾದು, ಮಳೆಗೆ ತೊಯ್ದು, ಕರಗುವುದೆಲ್ಲ ಕರಗಿ ಹೋದ ಮೇಲೆ ಉಳಿದ ಶೇಷ ಅದು. ಸುಣ್ಣ, ಪೊಟ್ಯಾಷ್ ಮೊದಲಾದವು ಮೊದಲೇ ತೊಳೆದುಹೋಗುತ್ತವೆ, ಸಿಲಿಕಾ ನಿಧಾನವಾಗಿ ಹೋಗುತ್ತದೆ, ಕರಗಲೊಲ್ಲದ ಕಬ್ಬಿಣ ಮತ್ತು ಅಲ್ಯುಮಿನಿಯಂ ಹಿಂದುಳಿದು ತುಕ್ಕಾಗಿ ಬೆಸೆದುಕೊಳ್ಳುತ್ತವೆ. ಆಗುಂಬೆಯಂಥ ಊರಿನಲ್ಲಿ ವರ್ಷಕ್ಕೆ 7,000 ಮಿಲಿಮೀಟರನ್ನೂ ಮೀರಿ ಸುರಿಯುವ ಮಳೆ ಬಂಡೆಯನ್ನು ಏನು ಮಾಡುತ್ತದೆ ಎಂಬ ಪ್ರಶ್ನೆಗೆ ಉತ್ತರ ಆ ಗೋಡೆಯಲ್ಲಿದೆ. ಮಳೆಯ ಬಗ್ಗೆ ಪ್ರಬಂಧ ಬರೆಸುವ ಶಾಲೆಗಳು ಮಳೆ ಕಟ್ಟಿದ ಕಲ್ಲಿನ ಬಗ್ಗೆ ಒಂದು ಸಾಲನ್ನೂ ಬರೆಸುವುದಿಲ್ಲ.

ಈ ಕಲ್ಲು ಜಗತ್ತಿನ ವಿಜ್ಞಾನದಲ್ಲಿ ಹೆಸರು ಪಡೆದ ಕಥೆ ಇನ್ನೂ ಸ್ವಾರಸ್ಯದ್ದು. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕನನ್ ಮದರಾಸಿನಿಂದ ಹೊರಟು ಮೈಸೂರು, ಮಲಬಾರ್, ಕೆನರಾ ಸೀಮೆಗಳನ್ನು ಸುತ್ತಿದನು. ಮಲಬಾರಿನ ಅಂಗಾಡಿಪುರದಲ್ಲಿ ಜನರು ನೆಲದಿಂದ ಮೆತ್ತನೆಯ ಕಲ್ಲನ್ನು ಕಬ್ಬಿಣದ ಹತಾರದಿಂದ ಚೌಕವಾಗಿ ಕಡಿದು ತೆಗೆಯುವುದನ್ನೂ, ಅದು ಗಾಳಿಗೊಡ್ಡಿಕೊಂಡ ಮೇಲೆ ಇಟ್ಟಿಗೆಯಂತೆ ಗಡುಸಾಗುವುದನ್ನೂ ಕಂಡನು. ಅಲ್ಲಿನವರು ಅದನ್ನು ಇಟ್ಟಿಗೆಕಲ್ಲು ಎಂಬರ್ಥದ ಹೆಸರಿನಿಂದಲೇ ಕರೆಯುತ್ತಿದ್ದರು. ಬುಕನನ್ ಮಾಡಿದ್ದಿಷ್ಟೆ: ಆ ಹೆಸರನ್ನು ಲ್ಯಾಟಿನ್ನಿಗೆ ತಿರುಗಿಸಿದನು. ಲ್ಯಾಟಿನ್ನಿನಲ್ಲಿ ಇಟ್ಟಿಗೆಗೆ ‘ಲೇಟರ್’ ಎನ್ನುತ್ತಾರೆ. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಪ್ರವಾಸಕಥನದಿಂದ ‘ಲ್ಯಾಟರೈಟ್’ ಎಂಬ ಪದ ಜಗತ್ತಿಗೆ ಹೋಯಿತು; ಆಫ್ರಿಕ, ಬ್ರೆಜಿಲ್, ಆಸ್ಟ್ರೇಲಿಯಗಳ ಕೆಂಪು ನೆಲಕ್ಕೂ ಅದೇ ಹೆಸರಾಯಿತು. ಕಲ್ಲುಕುಟಿಗನ ಮಾತನ್ನು ಕಿವಿಗೊಟ್ಟು ಕೇಳಿದ್ದರಿಂದ ಒಂದು ವೈಜ್ಞಾನಿಕ ಪದ ಹುಟ್ಟಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಅಂಗಾಡಿಪುರದಲ್ಲಿ ಸ್ಮಾರಕವನ್ನೂ ಸ್ಥಾಪಿಸಿದೆ. ಬುಕನನ್ ಇಕ್ಕೇರಿ, ನಗರಗಳ ಮೇಲೂ ಹಾದುಹೋಗಿದ್ದನು. ಅದೇ ಸಾಗರ, ಹೊಸನಗರ ತಾಲ್ಲೂಕುಗಳ ಮಕ್ಕಳಿಗೆ ಇಂದು ಲ್ಯಾಟರೈಟ್ ಎಂಬುದು ಒಂದು ಅಂಕದ ಪ್ರಶ್ನೆಯಲ್ಲಿ ಬರುವ ಪರದೇಶದ ಶಬ್ದ. ಇನ್ನೂರು ವರ್ಷದ ಹಿಂದೆ ಪರದೇಶದವನೊಬ್ಬ ಕೇಳಿಸಿಕೊಂಡಷ್ಟನ್ನು ಊರಿನ ಶಾಲೆ ಇನ್ನೂ ಕೇಳಿಸಿಕೊಂಡಿಲ್ಲ.

ಆ ಕಲ್ಲಿನ ಕೆಳಗೇನಿದೆ ಎಂಬುದು ಬಾವಿ ತೋಡುವವರಿಗೆ ತಿಳಿದಿದೆ. ಬೇಸಿಗೆಯಲ್ಲಿ ಹೊಸ ಬಾವಿ ಇಳಿಯುತ್ತಿರುವಲ್ಲಿಗೆ ಹೋಗಿ ನಿಂತರೆ ಮಲೆನಾಡಿನ ಭೂವಿಜ್ಞಾನ ಬುಟ್ಟಿ ಬುಟ್ಟಿಯಾಗಿ ಮೇಲೆ ಬರುತ್ತಿರುತ್ತದೆ. ಮೊದಲು ಗೇಣುದ್ದದ ಮೇಲ್ಮಣ್ಣು. ಆಮೇಲೆ ಪಿಕಾಸಿಗೆ ಜಗ್ಗದ ಜಂಬಿಟ್ಟಿಗೆಯ ಹಾಸು. ಅದು ಮುಗಿದು ಮಣ್ಣು ಮಚ್ಚೆಮಚ್ಚೆಯಾದಾಗ ಕೆಳಗಿದ್ದವನು ಮೇಲಿದ್ದವನಿಗೆ ‘ಶೇಡಿ ಬಂತು’ ಎಂದು ಕೂಗುತ್ತಾನೆ. ಶೇಡಿ ಎಂದರೆ ಬೂದುಬಿಳಿಯ, ಗುಲಾಬಿ ಅಥವಾ ಹಳದಿ ಬಣ್ಣದ, ಬೆರಳಲ್ಲಿ ತಿಕ್ಕಿದರೆ ಹಿಟ್ಟಿನಂತಾಗುವ ನುಣುಪು ಜೇಡಿ. ಅದರ ಕೆಳಗೆ ಮೂಲ ಬಂಡೆಯ ಗೆರೆಗಳನ್ನು ಇನ್ನೂ ಉಳಿಸಿಕೊಂಡಿರುವ ಕೊಳೆತ ಕಲ್ಲು; ಕೊನೆಗೆ ಗಟ್ಟಿ ಶಿಲೆ. ಮಳೆನೀರು ಜಂಬಿಟ್ಟಿಗೆಯ ತೂತುಗಳಲ್ಲಿ ಸರಾಗವಾಗಿ ಇಳಿದು ಶೇಡಿಯ ಬಳಿ ತಡೆಯುತ್ತದೆಂಬುದು, ಒರತೆ ಎಲ್ಲಿ ಏಳುತ್ತದೆಂಬುದು, ಶೇಡಿ ಬಂದ ಮೇಲೆ ಬಾವಿಯ ಗೋಡೆ ಕಟ್ಟದೆ ಬಿಟ್ಟರೆ ಮಳೆಗಾಲದಲ್ಲಿ ಕುಸಿಯುತ್ತದೆಂಬುದು ಅವರಿಗೆ ಅನುಭವದಿಂದ ಗೊತ್ತು. ಯಾವ ಪರೀಕ್ಷೆಯಲ್ಲೂ ಉತ್ತೀರ್ಣರಾಗದೆ ಅವರು ತಿಳಿದಿರುವ ಈ ಸಂಗತಿಯನ್ನು ಸಿವಿಲ್ ಎಂಜಿನಿಯರುಗಳು ಪ್ರಯೋಗಾಲಯದಲ್ಲಿ ಅಳೆದಿದ್ದಾರೆ. ಒಣಗಿದ್ದಾಗ ಗಟ್ಟಿಯಾಗಿ ನಿಲ್ಲುವ ಈ ಜೇಡಿ ನೀರು ತುಂಬಿಕೊಂಡಾಗ ತನ್ನ ಬಲವನ್ನು ಬಹುಪಾಲು ಕಳೆದುಕೊಳ್ಳುತ್ತದೆ ಎಂದು ಅವರ ಪ್ರಬಂಧಗಳು ಹೇಳುತ್ತವೆ. ಇಂಗ್ಲಿಷಿನ ಆ ಪ್ರಬಂಧಗಳಲ್ಲಿಯೂ ಅದಕ್ಕೆ ‘ಶೇಡಿ’ ಎಂಬ ಹೆಸರೇ ಬಳಕೆಯಲ್ಲಿದೆ! ಕನ್ನಡದ ಶಾಲೆಯ ವಿಜ್ಞಾನದ ತರಗತಿಯಲ್ಲಿ ಮಾತ್ರ ಅದು ಕೇಳಿಬರುವುದಿಲ್ಲ.

ಮನೆಯೊಳಗೂ ಈ ಪಾಠವಿದೆ. ದೀವರ ಹೆಣ್ಣುಮಕ್ಕಳು ಹಸೆಚಿತ್ತಾರಕ್ಕಾಗಿ ಗೋಡೆಗೆ ಬಳಿಯುವ ಕೆಮ್ಮಣ್ಣು ಕಬ್ಬಿಣ ಉಳಿದ ಪದರಿನದು. ಊರೂರಿನ ಮನೆಗಳಲ್ಲಿ ಅಂಚು ಬಳಿಯಲು ತರುತ್ತಿದ್ದ ಜೇಡಿ ಕಬ್ಬಿಣ ತೊಳೆದುಹೋದ ಪದರಿನದು. ಯಾವ ಗುಡ್ಡದ ಯಾವ ಮಗ್ಗುಲಿನಲ್ಲಿ ಎಷ್ಟು ಆಳಕ್ಕೆ ಅಗೆದರೆ ಯಾವ ಬಣ್ಣ ಸಿಗುತ್ತದೆಂದು ಅಜ್ಜಿಯರು ಬಲ್ಲರು. ಚಿತ್ತಾರವನ್ನು ‘ಸಾಂಸ್ಕೃತಿಕ ಪರಂಪರೆ’ ಎಂದು ವೇದಿಕೆಗೆ ತರುವ ಶಾಲೆ ಅದರ ಬಣ್ಣ ಅಗೆದ ಗುಂಡಿಯನ್ನು ಪರಂಪರೆಯೆಂದು ಎಣಿಸುವುದಿಲ್ಲ.

ಈಗ ಶೇಡಿಯ ಬೆಲೆಯ ಮಾತು. 2009ರ ಅಕ್ಟೋಬರಿನಲ್ಲಿ ಕಾರವಾರದ ಬಳಿಯ ಕಡವಾಡದಲ್ಲಿ ಗುಡ್ಡ ಜರಿದು ಮನೆಗಳ ಮೇಲೆ ಬಿತ್ತು. 2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಇಳಿಜಾರುಗಳು ತೋಟ ಮನೆಗಳ ಸಮೇತ ಇಳಿದವು. 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆ ನೆಲೆ ತಪ್ಪಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು ಚಹಾದಂಗಡಿಯನ್ನೂ ಅಲ್ಲಿದ್ದವರನ್ನೂ ಹೊತ್ತು ಗಂಗಾವಳಿಗಿಳಿಯಿತು. ಮಣ್ಣಿನಡಿ ಹೋದ ಲಾರಿಯೊಂದು ನದಿಯಿಂದ ಮೇಲೆ ಬರಲು ಸೆಪ್ಟೆಂಬರ್ ಕೊನೆಯಾಯಿತು. ಈ ಎಲ್ಲ ಕಡೆಯ ಶಿಲೆಯೂ ಒಂದೇ ಬಗೆಯದಲ್ಲ, ಎಲ್ಲಕ್ಕೂ ಒಂದೇ ಕಾರಣ ಹೇಳುವುದು ವಿಜ್ಞಾನಕ್ಕೆ ಮಾಡುವ ಅಪಚಾರ. ಆದರೆ ವಿಪರೀತ ಮಳೆಯ ಜೊತೆಗೆ ಇಳಿಜಾರಿನ ಬುಡ ಕಡಿದದ್ದೂ ಸೇರಿತು ಎಂಬ ಮಾತು ಕೊಡಗಿನ ಬಗ್ಗೆಯೂ ಶಿರೂರಿನ ಬಗ್ಗೆಯೂ ತಜ್ಞರಿಂದ ಬಂದಿದೆ. ಪತ್ರಿಕೆಗಳು ಇದನ್ನು ‘ಪ್ರಕೃತಿ ವಿಕೋಪ’ ಎನ್ನುತ್ತವೆ. ಅಗೆಯುವ ಯಂತ್ರವನ್ನು ಗಂಟೆಯ ಬಾಡಿಗೆಗೆ ಕರೆಸಿ, ಡೀಸೆಲ್ ಹಾಕಿಸಿ, ಶೇಡಿಯ ಪದರನ್ನು ನೆಟ್ಟಗೆ ಕಡಿದು ನಿಲ್ಲಿಸಿ, ಮೇಲಿನ ನೀರು ಹರಿದುಹೋಗಲು ಒಂದು ಅಗಳನ್ನೂ ತೆಗೆಯದೆ ಬಿಟ್ಟ ಮೇಲೆ ಜರಿದರೆ ಅದು ಯಾರ ವಿಕೋಪ?

ಶಾಲೆಯಲ್ಲಿ ಒಂದು ಪಾಠ ಹೇಳಿದ್ದರೆ ಹೆದ್ದಾರಿ ನಿಲ್ಲುತ್ತಿತ್ತೆ ಎಂದು ಕೇಳುವವರಿದ್ದಾರೆ. ಹೆದ್ದಾರಿ ನಿಲ್ಲುತ್ತಿರಲಿಲ್ಲ. ಆದರೆ ಮಲೆನಾಡಿನಲ್ಲಿ ಧರೆ ಕಡಿಯುವುದು ಹೆದ್ದಾರಿಯವರು ಮಾತ್ರವಲ್ಲ. ಮನೆಯ ಅಂಗಳಕ್ಕೆ, ಹೋಂಸ್ಟೇಯ ಕಾರು ನಿಲ್ಲಿಸಲು, ತೋಟದ ರಸ್ತೆಗೆ, ಶಾಲೆಯ ಬಯಲಿಗೆ ಕಡಿಸುವವರೆಲ್ಲರೂ ಇಲ್ಲಿನ ಶಾಲೆಗಳಲ್ಲಿ ಹತ್ತು ವರ್ಷ ಓದಿದವರು. ಹಿಂದೆಯೂ ಧರೆ ಕಡಿಯುತ್ತಿದ್ದರು. ಅಡಿಕೆ ತೋಟಕ್ಕೆ ಹೊಸಮಣ್ಣು ಹೊರಿಸಲು ಬೇಸಿಗೆಯಲ್ಲಿ ಗುದ್ದಲಿಯಿಂದ ಕಡಿದು ಬುಟ್ಟಿಯಲ್ಲಿ ಸಾಗಿಸುತ್ತಿದ್ದ ಆ ಕೆಲಸದ ವೇಗವೇ ಅದರ ಮಿತಿಯಾಗಿತ್ತು. ಬಿಳಿಯ ಪದರು ಕಂಡಲ್ಲಿ ಕೈ ನಿಲ್ಲುತ್ತಿತ್ತು. ಯಂತ್ರಕ್ಕೆ ಆ ಅಳುಕಿಲ್ಲ. ಕಡಿಸುವವನಿಗಾದರೂ ಇರಬೇಕಾಗಿತ್ತು. ಧರೆಯಲ್ಲಿ ಬಿಳಿಯ ಪದರು ಕಂಡಾಗ ‘ಇನ್ನು ಸಾಕು’ ಎನ್ನಬಲ್ಲ ಹತ್ತು ಜನರು ಊರಿನಲ್ಲಿದ್ದರೆ, ಗ್ರಾಮಸಭೆಯಲ್ಲಿ ಗುತ್ತಿಗೆದಾರನನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯುತ್ತೀರೋ ನೆಟ್ಟಗೋ ಎಂದು ಕೇಳಬಲ್ಲ ಇಬ್ಬರಿದ್ದರೆ, ಎಷ್ಟೋ ಹಿತ್ತಿಲುಗಳು ಉಳಿಯುತ್ತವೆ.

ಪರಿಸರ ಶಿಕ್ಷಣ ನಡೆಯುತ್ತಿಲ್ಲವೆಂದು ಯಾರೂ ಹೇಳಲಾರರು. ರಾಷ್ಟ್ರೀಯ ಹಸಿರು ಪಡೆಯ ಹೆಸರಿನಲ್ಲಿ 2001-02ರಿಂದ ಶಾಲೆಗಳಲ್ಲಿ ಪರಿಸರ ಸಂಘಗಳಿವೆ. ಆದರೆ ಈ ಸಂಘಗಳ ಪರಿಸರದಲ್ಲಿ ಸಸಿ ಇದೆ, ಬಂಡೆ ಇಲ್ಲ. ಜೂನ್ 5ರಂದು ಸಸಿ ನೆಟ್ಟು ಚಿತ್ರ ತೆಗೆಸಿಕೊಂಡರೆ ವರ್ಷದ ಕೆಲಸ ಮುಗಿಯಿತು. ನೆಡುವ ಜಾಗವಾದರೂ ಎಂಥದು? ಬಹಳ ಕಡೆ ಜಂಬಿಟ್ಟಿಗೆಯ ಹಾಸಿನ ಬೇಣ, ಕರಾವಳಿಯಲ್ಲಾದರೆ ಪದವು. ಕಂದಾಯದ ಕಡತದಲ್ಲಿ ಪಾಳು ಎಂದು ಬರೆದಿರುವ ಈ ಬೋಳು ಬಯಲಿನಲ್ಲಿ ಮಳೆಗಾಲದ ಮೂರು ತಿಂಗಳು ಬೆರಳುದ್ದದ ಗಿಡಗಳ ಲೋಕವೊಂದು ಅರಳುತ್ತದೆ. ಮಣ್ಣಿನಲ್ಲಿ ಸಾರಜನಕ ಸಾಲದೆಂದು ಕೀಟಗಳನ್ನು ಹಿಡಿದು ತಿನ್ನುವ ಯುಟ್ರಿಕ್ಯುಲೇರಿಯಾ, ಡ್ರೋಸೆರಾ, ಬಿಳಿಗುಂಡಿಯಂಥ ಹೂವಿನ ಎರಿಯೋಕಾಲಾನ್. ಇಂಥದೇ ಕೆಂಪುಕಲ್ಲಿನ ಹಾಸು ಸಾತಾರಾ ಜಿಲ್ಲೆಯ ಕಾಸ್‌ನಲ್ಲಿದೆ. 2012ರಲ್ಲಿ ಯುನೆಸ್ಕೊ ಪಶ್ಚಿಮಘಟ್ಟದ 39 ತಾಣಗಳನ್ನು ವಿಶ್ವಪರಂಪರೆಯೆಂದು ಸಾರಿದಾಗ ಆ ಪಟ್ಟಿಯಲ್ಲಿ ಕಾಸ್ ಕೂಡ ಸೇರಿತು. ಇಲ್ಲಿ ಅದೇ ನೆಲಕ್ಕೆ ಗುಂಡಿ ತೆಗೆದು ಅಕೇಶಿಯಾ ನೆಡಲಾಗುತ್ತದೆ, ಮಕ್ಕಳ ಕೈಯಿಂದಲೇ, ಪರಿಸರ ದಿನದಂದೇ. ಕಲ್ಲನ್ನು ಓದಲು ಬಾರದವರಿಗೆ ಅದರ ಮೇಲಿನ ಹೂವೂ ಕಾಣುವುದಿಲ್ಲ.

ಪ್ರವಾಸದ ಮಾತೂ ಇಷ್ಟೆ. ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ, ಅಲ್ಲಿನವರ ಬಾಯಲ್ಲಿ ತೋನ್ಸೆಪಾರಿಗೆ, ಪ್ರತಿ ಡಿಸೆಂಬರಿನಲ್ಲಿ ಶಾಲೆಗಳ ದಂಡು ಹೋಗುತ್ತದೆ. ಅಲ್ಲಿ ಐದು ಆರು ಮುಖಗಳ ಕಲ್ಲುಕಂಬಗಳು ಕೊಯ್ದು ಜೋಡಿಸಿದಂತೆ ನಿಂತಿವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ, ಉಕ್ಕಿದ ಲಾವಾ ತಣಿದು ಕುಗ್ಗುವಾಗ ಕೆರೆಯ ಕೆಸರು ಬಿರಿಯುವಂತೆ ಬಿರಿದು ಕಂಬಗಳಾದದ್ದು. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಥರ್ಮೋಕೋಲಿನ ಗುಡ್ಡದಲ್ಲಿ ಸೋಡಾ ಉಕ್ಕಿಸಿ ಬಹುಮಾನ ಪಡೆದ ವಿದ್ಯಾರ್ಥಿನಿ ಆ ಕಂಬಗಳ ಮೇಲೆ ನಿಂತು ಚಿತ್ರ ತೆಗೆಸಿಕೊಂಡು, ಕಪ್ಪೆಚಿಪ್ಪು ಆಯ್ದುಕೊಂಡು, ಸಂಜೆ ಹಿಂತಿರುಗುತ್ತಾಳೆ. ತಾನು ಲಾವಾದ ಮೇಲೆ ನಿಂತಿದ್ದೆನೆಂದು ಅವಳಿಗೆ ಯಾರೂ ಹೇಳುವುದಿಲ್ಲ.

ಯಾಣದಲ್ಲಿ ಬೇರೆ ತೊಡಕು. ‘ಸೊಕ್ಕಿದ್ದರೆ ಯಾಣ, ರೊಕ್ಕಿದ್ದರೆ ಗೋಕರ್ಣ’ ಎಂಬ ಗಾದೆಯ ಕಾಲ ಹೋಗಿ ಬಸ್ಸು ಹತ್ತಿರದವರೆಗೂ ಹೋಗುತ್ತದೆ. ಭಸ್ಮಾಸುರ ಬೂದಿಯಾದ ಕಥೆಯನ್ನು ಮಕ್ಕಳು ಕೇಳಿ ಬರುತ್ತಾರೆ. ಕೇಳಲೇಬೇಕಾದ ಕಥೆ ಅದು. ಆ ಕಪ್ಪು ಶಿಖರಗಳನ್ನು ಕಂಡು ಬೆರಗಾದ ಹಳಬರು ಸುಮ್ಮನೆ ಹಿಂತಿರುಗಲಿಲ್ಲ, ಕಾರಣವೊಂದನ್ನು ಹುಡುಕಿದರು. ಅದೇ ಬೆರಗಿನ ಮುಂದಿನ ಮೆಟ್ಟಿಲನ್ನು ಶಿಕ್ಷಕರು ಹತ್ತಿಸಬಹುದಿತ್ತು: ಶಿಖರ ಸುಣ್ಣಕಲ್ಲಿನದು, ಮಳೆನೀರಿನ ತೆಳು ಆಮ್ಲ ಅದನ್ನು ಕರಗಿಸುತ್ತ ಹೋಗಿ ಈ ಬಾಗಿಲುಗಳನ್ನೂ ಗವಿಗಳನ್ನೂ ಕೊರೆದಿದೆ. ಅಡುಗೆ ಸೋಡಾಕ್ಕೆ ಸುರಿಯುವ ವಿನೆಗರನ್ನು ಮನೆಯ ಎಲೆಯಡಿಕೆಯ ಸುಣ್ಣಕ್ಕಾಗಿ ಸುಟ್ಟ ಚಿಪ್ಪಿನ, ಸುಡದೆ ಉಳಿದ ಒಂದು ತುಂಡಿನ ಮೇಲೆ ಸುರಿದು ನೊರೆಯೇಳುವುದನ್ನು ತೋರಿಸಿದ್ದರೆ ಯಾಣ ಹೇಗಾಯಿತೆಂಬುದು ತರಗತಿಯಲ್ಲೇ ತಿಳಿಯುತ್ತಿತ್ತು. ಹಾಗೆಯೇ ಕುದುರೆಮುಖ. 2005ರ ಕೊನೆಗೆ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ಅಲ್ಲಿನ ಗಣಿ ನಿಂತಿತು. ಪರ ವಿರೋಧದ ಘೋಷಣೆಗಳನ್ನು ಕೂಗಿದ ಮಕ್ಕಳಲ್ಲಿ ಆ ಅದಿರನ್ನು ಕೈಯಲ್ಲಿ ಹಿಡಿದವರೆಷ್ಟು? ಹಳೆಯ ರೇಡಿಯೋ ಸ್ಪೀಕರಿನ ಅಯಸ್ಕಾಂತವನ್ನು ಕಬ್ಬಿಣದ ಬೆಟ್ಟಗಳಿಂದಿಳಿವ ಹಳ್ಳದ ಮರಳಿನಲ್ಲಿ ಎಳೆದರೆ ಕಪ್ಪು ಕಾಳುಗಳು ಮುತ್ತಿಕೊಳ್ಳುತ್ತವೆ. 250 ಕೋಟಿ ವರ್ಷಗಳಿಗೂ ಹಿಂದಿನ ಕಡಲಿನಲ್ಲಿ ತಳವೂರಿದ ಕಬ್ಬಿಣ ಅದು. ಈ ಪ್ರಯೋಗಕ್ಕೆ ಒಂದು ಪೈಸೆಯ ಖರ್ಚಿಲ್ಲ.

ಆಕ್ಷೇಪಗಳು ಗೊತ್ತಿರುವಂಥವೇ. ಸಮಯವಿಲ್ಲ, ಎಸ್ಸೆಸ್ಸೆಲ್ಸಿ ಫಲಿತಾಂಶ ಬೀಳುತ್ತದೆ, ಮಕ್ಕಳಿಗೆ ಏನಾದರೂ ಆದರೆ ಯಾರು ಹೊಣೆ, ಶಿಕ್ಷಕರಿಗೇ ಭೂವಿಜ್ಞಾನ ತಿಳಿಯದು. ಕೊನೆಯದೊಂದು ನಿಜ, ಉಳಿದವು ಸಬೂಬು. ಶಾಲೆಯ ಕಲಿಕೆ ಹೊರಗಿನ ಬದುಕಿನೊಡನೆ ಬೆಸೆಯಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸ್ಪಷ್ಟವಾಗಿ ಹೇಳಿತ್ತು. ಜಾಗವನ್ನು ಕಾಗದದ ಮೇಲೆ ಬಿಟ್ಟುಕೊಟ್ಟಿದ್ದೂ ಆಗಿದೆ. ಅಪಾಯದ ಮಾತಿಗೆ ಉತ್ತರವಿದು: ಮಳೆಗಾಲದಲ್ಲಿ ಕಡಿದ ಧರೆಯ ಬುಡಕ್ಕೆ ಮಕ್ಕಳನ್ನು ಒಯ್ಯಲೇಬಾರದು, ಹಾಗೇಕೆ ಎಂಬುದನ್ನು ಮಾಘದ ಬಿಸಿಲಿನಲ್ಲಿ ದೂರ ನಿಲ್ಲಿಸಿ ಕಲಿಸಬೇಕು. ಇನ್ನು ತಿಳಿಯದ ಶಿಕ್ಷಕರು. ಅವರಿಗೆ ಪದವಿಯ ಅಗತ್ಯವಿಲ್ಲ, ತಿಳಿದವರನ್ನು ಕರೆದು ಕೇಳುವ ವಿನಯ ಬೇಕು. ಬಾವಿ ತೋಡುವವರು, ಕಲ್ಲುಕೋರೆಯಲ್ಲಿ ಚಿರೆ ಎಬ್ಬಿಸುವವರು ಶಾಲೆಯ ಗೇಟಿನೊಳಗೆ ಬರುವುದು ಕಕ್ಕಸುಗುಂಡಿ ತೆಗೆಯಲು ಮಾತ್ರ. ಅವರ ಮಕ್ಕಳು ಅದೇ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತಿರುತ್ತಾರೆ. ಅಪ್ಪನ ಕೆಲಸ ಪಾಠವಾಗಬಲ್ಲದೆಂದು ಆ ಮಕ್ಕಳಿಗೆ ಒಂದು ದಿನವೂ ಅನ್ನಿಸದಿರುವುದು ಶಾಲೆಯ ದೊಡ್ಡ ವೈಫಲ್ಯ.

ಕೃಷಿಕರ ಮನೆಯ ಮಕ್ಕಳಿಗೆ ಇನ್ನೊಂದು ಪುಸ್ತಕ ಮನೆಯಲ್ಲೇ ಇದೆ. 2015ರಿಂದ ಹಂಚಲಾದ ಮಣ್ಣಿನ ಆರೋಗ್ಯ ಚೀಟಿ ಬಹುತೇಕ ಮನೆಗಳಲ್ಲಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿರುತ್ತದೆ. ಮಣ್ಣು ಹುಳಿಯೆಂದು ಅದರಲ್ಲಿ ಬರೆದಿರುವುದೇಕೆ, ಚೀಲಗಟ್ಟಲೆ ರಂಜಕ ಸುರಿದರೂ ಅಡಿಕೆಯ ಬೇರಿಗೆ ಅದೇಕೆ ಪೂರ್ತಿ ದಕ್ಕದು? ಸುಣ್ಣವನ್ನು ಮಳೆ ತೊಳೆದೊಯ್ದಿದೆ. ಹಿಂದುಳಿದ ಕಬ್ಬಿಣ, ಅಲ್ಯುಮಿನಿಯಂಗಳು ರಂಜಕವನ್ನು ಹಿಡಿದುಕೊಂಡು ಬಿಡುವುದಿಲ್ಲ. ಗೋಡೆಯ ಕಲ್ಲನ್ನು ಕಟ್ಟಿದ ಕ್ರಿಯೆಯೇ ತೋಟದಲ್ಲೂ ನಡೆದಿದೆ. ಸೊಪ್ಪಿನಬೆಟ್ಟದಿಂದ ಹೊರೆಹೊರೆ ಸೊಪ್ಪು ತಂದು ಹಾಸುವ ವಾಡಿಕೆಗೆ ಇರುವ ಅರ್ಥವೂ ಇಲ್ಲಿಂದಲೇ ತೆರೆದುಕೊಳ್ಳುತ್ತದೆ. ಇದನ್ನು ಎಂಟನೆಯ ತರಗತಿಯ ಬಾಲಕಿಗೆ ವಿವರಿಸಲು ಒಂದು ಗಂಟೆ ಸಾಕು. ಗೊಬ್ಬರದಂಗಡಿಯವರ ಸಲಹೆಯನ್ನು ಆ ಬಳಿಕ ಅವಳು ಪ್ರಶ್ನಿಸದೆ ಬಿಡಲಾರಳು.

ಭೂಪರಂಪರೆ ಎಂಬ ಪದಕ್ಕೆ ಈಗ ಮಾರುಕಟ್ಟೆಯಲ್ಲೂ ಬೆಲೆ ಬಂದಿದೆ. ಕೇಂದ್ರದ ಗಣಿ ಸಚಿವಾಲಯ 2022ರ ಡಿಸೆಂಬರಿನಲ್ಲಿ ಭೂಪರಂಪರೆಯ ತಾಣಗಳ ರಕ್ಷಣೆಗೆಂದು ಕರಡು ಮಸೂದೆಯೊಂದನ್ನು ಹೊರಡಿಸಿತು. ಪ್ರವಾಸೋದ್ಯಮದವರು ಅದಕ್ಕೂ ಮೊದಲೇ ‘ಜಿಯೋ ಟೂರಿಸಂ’ ಎನ್ನತೊಡಗಿದ್ದರು. ರಕ್ಷಣೆಯ ಕಾನೂನು ಬೇಡವೆನ್ನುವವರಾರು? ಆದರೆ ಪಟ್ಟಿಗೆ ಸೇರುವ ನಾಲ್ಕು ಸ್ಮಾರಕಗಳಿಗೆ ಬೇಲಿ ಹಾಕಿ, ಟಿಕೇಟಿನ ಕಿಟಕಿ ತೆರೆದು, ಪಟ್ಟಿಗೆ ಸೇರದ ಸಾವಿರ ಗುಡ್ಡಗಳನ್ನು ಯಂತ್ರಕ್ಕೆ ಬಿಟ್ಟುಕೊಡುವ ಪರಂಪರೆ ಮಲೆನಾಡಿಗೆ ಬೇಕಾಗಿಲ್ಲ. ಊರಿನ ಕಲ್ಲಿನ ಕಥೆಯನ್ನು ರೆಸಾರ್ಟಿನ ಗೈಡು ಅತಿಥಿಗಳಿಗೆ ಹೇಳುವ ಮೊದಲು ಊರಿನ ಶಾಲೆಯ ಮಕ್ಕಳು ತಿಳಿದಿರಬೇಕು.

ಕೇಳುತ್ತಿರುವುದು ಬಹಳವೇನಲ್ಲ. ವರ್ಷಕ್ಕೆ ಒಂದು ವಾರ, ಬಾವಿಗಳು ಇಳಿಯುವ ಫೆಬ್ರವರಿ ಅಥವಾ ಮಾರ್ಚಿನ ಮೊದಲ ದಿನಗಳಲ್ಲಿ. ಒಂದು ದಿನ ಬಾವಿಯ ಬಳಿ, ಒಂದು ದಿನ ಕಲ್ಲುಕೋರೆಯಲ್ಲಿ, ಒಂದು ದಿನ ಹಳ್ಳದಲ್ಲಿ ಅಯಸ್ಕಾಂತದೊಡನೆ. ಉಳಿದ ದಿನಗಳಲ್ಲಿ ಊರಿನ ಧರೆಗಳನ್ನೆಲ್ಲ ಮಕ್ಕಳೇ ನಡೆದು ನೋಡಿ, ಯಾವುದರಲ್ಲಿ ಶೇಡಿ ಕಂಡಿದೆ, ಯಾವುದರ ನೆತ್ತಿಯಲ್ಲಿ ಬಿರುಕಿದೆ, ಯಾವುದರ ಕೆಳಗೆ ಮನೆಯಿದೆ ಎಂದು ಗ್ರಾಮದ ನಕ್ಷೆಯಲ್ಲಿ ಗುರುತಿಸಲಿ. ಹೆಂಚಿನ ಚೂರು, ಗಾಜಿನ ಸೀಸೆಗಳಲ್ಲಿ ತುಂಬಿದ ಪದರು ಪದರಿನ ಮಣ್ಣು, ಪ್ರತಿ ಸೀಸೆಯ ಮೇಲೆ ಬಾವಿ ತೋಡಿದವರ ಹೆಸರು, ಅವರು ಹೇಳಿದ ಪದ, ಇವಿಷ್ಟರಿಂದ ಶಾಲೆಯ ಒಂದು ಕಪಾಟು ತುಂಬಲಿ. ನಕ್ಷೆಯ ಒಂದು ಪ್ರತಿಯನ್ನು ಮುಂಗಾರಿಗೆ ಮೊದಲು ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಲಿ. ಶಾಲೆಯ ಹಿಂದಿನ ಧರೆಯಿಂದಲೇ ಗುರುತು ಹಾಕಲು ಆರಂಭಿಸಬಹುದು. ಕಳೆದ ಮಳೆಗಾಲದಲ್ಲಿ ಅದಕ್ಕೆ ಹೊದಿಸಿದ್ದ ನೀಲಿ ಟಾರ್ಪಾಲ್ ಈಗಾಗಲೇ ಹರಿದಿದೆ.